ಮೈದಾನದಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ

ಹೋದ ತಿಂಗಳು ಲೆಸ್ಟರ್‌ನ ಪಾತ್ರೆ ಅಂಗಡಿಯೊಂದಕ್ಕೆ ಹೋಗಿದ್ದೆವು. ಈದ್ ಹತ್ತಿರ ಬಂದಿತ್ತು, ಬಿರಿಯಾನಿಗೆ ಇನ್ನೊಂದು ದೊಡ್ಡ ಪಾತ್ರೆ ಬೇಕಾಗಿತ್ತು. ಮಗಳು ಮೂಲೆಯಿಂದ ಮುಚ್ಚಳವಿದ್ದ ಎತ್ತರದ ಸ್ಟೀಲ್ ಕ್ಯಾನೊಂದನ್ನು ಎತ್ತಿ ಹಿಡಿದು, ಇದನ್ನು ಯಾರು ಕೊಳ್ಳುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಂಥವೇ ಎರಡು ಕ್ಯಾನುಗಳು ಒದ್ದೆ ಹುಲ್ಲಿನ ಮೇಲೆ ಫಳಫಳ ಹೊಳೆಯುತ್ತ ನಿಂತಿದ್ದುದು ಕಣ್ಣೆದುರು ಬಂತು. ಎರಡೂ ಖಾಲಿಯಾಗಿದ್ದವು…

ಆಗ ನಾನು ನಾಟಿಂಗ್‌ಹ್ಯಾಮ್ ಹತ್ತಿರದ ನಗರಸಭೆಯಂಥ ಒಂದು ಕೌನ್ಸಿಲ್‌ನಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಹುಬ್ಬಳ್ಳಿಯಿಂದ ಮದುವೆಯಾಗಿ ಬಂದವಳು, ಎಷ್ಟೋ ವರ್ಷ ಮನೆಯಲ್ಲಿ, ಆಮೇಲೆ ಅಲ್ಲಿ ಮೂರು ತಿಂಗಳು ಇಲ್ಲಿ ಆರು ತಿಂಗಳು ಎಂದು ಕೆಲಸ ಮಾಡಿದವಳು. ಕಾಯಂ ಆಗಬಹುದಾದ ಮೊದಲ ಕೆಲಸ ಅದು. ಆರು ತಿಂಗಳು ಪ್ರೊಬೇಷನ್. ಮೀಟಿಂಗಿನಲ್ಲಿ ಮಾತಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ನೋಡುತ್ತಿದ್ದ ಕಾಲ.

ಒಂದು ಸೋಮವಾರ ಮ್ಯಾನೇಜರ್ ನನ್ನನ್ನು ಕರೆದರು. ಬೀಸ್ಟನ್ ಆಚೆಯ ಆಟದ ಮೈದಾನದಲ್ಲಿ ಶುಕ್ರವಾರ ಸಂಜೆ ವ್ಯಾನಿಗೆ ಕಟ್ಟಿ ಎಳೆಯುವ ಮನೆಯಂಥ ಏಳು ಕ್ಯಾರವಾನ್‌ಗಳು ಬಂದು ನಿಂತಿದ್ದವು. ಜಿಪ್ಸಿ ಕುಟುಂಬಗಳು. ಎರಡೇ ದಿನದಲ್ಲಿ ದೂರಿನ ಮೇಲೆ ದೂರು ಬಂದಿತ್ತು. ಮಕ್ಕಳ ಫುಟ್‌ಬಾಲ್ ನಿಂತಿತು, ನಾಯಿ ಕಟ್ಟಿಲ್ಲ, ಕಸ ಎಲ್ಲಿ ಹಾಕುತ್ತಾರೋ ಏನೋ. ಇಂಥವರನ್ನು ಎಬ್ಬಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಕೌನ್ಸಿಲ್‌ನಿಂದ ಒಬ್ಬರು ಹೋಗಿ ಗರ್ಭಿಣಿಯರಿದ್ದಾರೆಯೇ, ಕಾಯಿಲೆಯವರಿದ್ದಾರೆಯೇ, ಶಾಲೆಗೆ ಹೋಗುವ ಮಕ್ಕಳಿದ್ದಾರೆಯೇ ಎಂದು ವಿಚಾರಿಸಿ ಒಂದು ಫಾರ್ಮ್ ತುಂಬಬೇಕು. ಆಮೇಲೆ ನೋಟಿಸು, ಆಮೇಲೆ ಕೋರ್ಟು.

"ನೀವೇ ಹೋಗಿ. ಹೆಂಗಸರು ಹೆಂಗಸರ ಹತ್ರ ಮಾತಾಡ್ತಾರೆ" ಎಂದರು ಮ್ಯಾನೇಜರ್. ಕೆಟ್ಟ ಮನುಷ್ಯರಲ್ಲ. ಮಳೆ ಬರಬಹುದು ಎಂದು ತಮ್ಮ ಬೂಟನ್ನೇ ಕೊಡಲು ಬಂದಿದ್ದರು.

ಮರುದಿನ ಬೆಳಿಗ್ಗೆ ಬೇಗ ಹೋದೆ. ಆರು ಕ್ಯಾರವಾನ್‌ಗಳ ಬಾಗಿಲು ನಾನು ಬಡಿಯುವ ಮೊದಲೇ ಮುಚ್ಚಿಕೊಂಡವು. ಏಳನೆಯದರ ಮೆಟ್ಟಿಲ ಮೇಲೆ ಅರವತ್ತೈದರ ಆಸುಪಾಸಿನ ಒಬ್ಬ ಅಜ್ಜಿ ಕೂತಿದ್ದರು. ಕಿವಿಯಲ್ಲಿ ಭಾರದ ಚಿನ್ನದ ರಿಂಗು, ತೊಳೆದು ತೊಳೆದು ಕೆಂಪಾದ ಕೈ. ಪಕ್ಕದ ಒದ್ದೆ ಹುಲ್ಲಿನ ಮೇಲೆ ನೀರು ತುಂಬಿಡುವ ಎರಡು ಎತ್ತರದ ಸ್ಟೀಲ್ ಕ್ಯಾನು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೆ ಇಷ್ಟು ವರ್ಷಗಳ ಮೇಲೆ ಆ ಮಾತು ನನ್ನ ಕಿವಿಯಲ್ಲಿ ಯಾಕೋ ನಮ್ಮ ಓಣಿಯ ಮಾತಾಗಿಯೇ ಉಳಿದಿದೆ.

"ಚಪ್ಪಲಿ ಹೊರಗ ಬಿಟ್ಟು ಬಾರವಾ" ಎಂದರು.

ಒಳಗೆ ನನ್ನ ಮನೆಗಿಂತ ಸ್ವಚ್ಛವಾಗಿತ್ತು. ಪಾತ್ರೆ ತೊಳೆಯುವ ಬೋಗುಣಿ ಬೇರೆ, ಕೈ ತೊಳೆಯುವುದು ಬೇರೆ, ಬಟ್ಟೆಗೆ ಇನ್ನೊಂದು. ಒಂದರ ಕೆಲಸಕ್ಕೆ ಇನ್ನೊಂದನ್ನು ಮುಟ್ಟುವಂತಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಆಚಾರ್ಯರ ಹೆಂಡತಿಯ ಮಡಿ ನೆನಪಾಗಿ ನಗು ಬಂತು.

"ಚಹಾ ಕೊಡ್ತಿದ್ದೆ" ಎಂದರು ಅಜ್ಜಿ. "ನಿಮ್ಮವರು ಮೈದಾನದ ಕಟ್ಟಡದ ನಲ್ಲಿ ಬಂದ್ ಮಾಡ್ಯಾರ. ಪಾನಿ ಇಲ್ಲ."

ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. "ಏನು ಇಲ್ಲ ಅಂದ್ರಿ?"

"ಪಾನಿ. ನೀರು. ನಮ್ಮ ಮಂದಿ ಹಂಗ ಅಂತೀವಿ."

"ನಮ್ಮ ಮನೆಯಲ್ಲೂ ನಾವು ಪಾನಿ ಅಂತಲೇ ಅನ್ನೋದು."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಆಮೇಲೆ ಜೋರಾಗಿ ನಕ್ಕರು. "ಹಂಗಾರ ನೀ ನಮ್ಮ ಕಸಿನ್ ಆದಿ ನೋಡು!" ಅಲ್ಲಿಂದ ಮುಂದೆ ಕಸಿನ್ ಎಂದೇ ಕರೆದರು. ನಮ್ಮ ಉರ್ದುವಿನ ಹಾಗೆಯೇ ಮೂಗಿಗೆ ನಾಕ್ ಎಂದರು, ಎರಡಕ್ಕೆ ದೂಯಿ ಎಂದರು. ಅವರ ಹಿರಿಯರು ಶತಮಾನಗಳ ಹಿಂದೆ ಇಂಡಿಯಾದಿಂದಲೇ ಹೋದವರಂತೆ. ಫಾರ್ಮ್ ತೊಡೆಯ ಮೇಲಿದ್ದದ್ದು ಇಬ್ಬರಿಗೂ ಮರೆತೇಹೋಗಿತ್ತು.

ನೆನಪಾದ ಮೇಲೆ ಪ್ರಶ್ನೆ ಕೇಳತೊಡಗಿದೆ. ಗರ್ಭಿಣಿಯರು ಇರಲಿಲ್ಲ. ಇಲ್ಲಿರುವವರಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ ಎಂದಾಗ ಅಜ್ಜಿ ಗೋಡೆಗೆ ತೂಗಿದ್ದ ಗಂಡಸಿನ ಕೋಟೊಂದನ್ನು ನೋಡಿ, "ಇಲ್ಲಿ ಇರೋರಿಗೆ ಇಲ್ಲ" ಎಂದರು.

ಅವರ ಗಂಡ ನಾಟಿಂಗ್‌ಹ್ಯಾಮ್‌ನ ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶದ ಕ್ಯಾನ್ಸರ್, ಕೊನೆಯ ಹಂತ. ಎರಡು ವಾರ ಕಳೆಯುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವರಲ್ಲಿ ಹಿರಿಯರು ಹೋಗುವಾಗ ಇಡೀ ಬಳಗ ಹತ್ತಿರ ಇರಬೇಕು. ಅದಕ್ಕೇ ಏಳು ಗಾಡಿ. ಪರವಾನಗಿ ಇರುವ ನಿಲ್ದಾಣಗಳಲ್ಲಿ ಎಲ್ಲೂ ಜಾಗ ಸಿಕ್ಕಿರಲಿಲ್ಲ. ಅಜ್ಜಿಗೆ ಗಾಡಿ ಓಡಿಸಲು ಬಾರದು. ದಿನವೂ ಬೆಳಿಗ್ಗೆ ಟ್ರಾಮ್ ಹತ್ತಿ ಹೋಗಿ, ಸಂಜೆ ವಾರ್ಡಿನವರು ಎಬ್ಬಿಸುವವರೆಗೆ ಕೂತು ಬರುತ್ತಿದ್ದರು.

"ಹತ್ತು ದಿನ ಕೊಡಸು ಕಸಿನ್. ಹೆಚ್ಚಿಗಿ ಬ್ಯಾಡ. ಆಮ್ಯಾಲ ನಾವಾಗೇ ಹೊಂಟ್ಹೋಗ್ತೀವಿ. ಹುಲ್ಲಿನ ಮ್ಯಾಲ ಒಂದ್ ಕಾಗದ ಬಿದ್ದಿರಂಗಿಲ್ಲ."

"ಬರೀತೀನಿ" ಎಂದೆ. ಬರೆದೆ ಕೂಡ. ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೊನೆಯ 'ಇತರೆ' ಎಂಬ ಸಾಲಿನಲ್ಲಿ, ಒಬ್ಬರ ಪತಿ ಆಸ್ಪತ್ರೆಯಲ್ಲಿದ್ದಾರೆ ಎಂದಷ್ಟೇ ಬರೆದೆ. ಹತ್ತು ದಿನದ ಮಾತು ಬರೆಯಲಿಲ್ಲ. ಅದು ನನ್ನ ಅಧಿಕಾರವಲ್ಲ ಅನ್ನಿಸಿತ್ತು.

ಮ್ಯಾನೇಜರ್ ಓದಿದರು. "ಪಾಪ" ಎಂದರು, ಮನಸ್ಸಿನಿಂದಲೇ. "ಆದ್ರೆ ಪ್ರಶ್ನೆ ಇರೋದು ಮೈದಾನದಲ್ಲಿ ಇರೋರ ಬಗ್ಗೆ. ಅವರು ಆಸ್ಪತ್ರೆಯ ಹಾಸಿಗೆ ಮೇಲಿದ್ದಾರೆ. ಅವರನ್ನು ನಾವು ಎಬ್ಬಿಸ್ತಾ ಇಲ್ವಲ್ಲ."

ಮಾತು ಸರಿಯಾಗಿಯೇ ಇತ್ತು. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ನನಗೆ ಆಗಲಿಲ್ಲ. ಸ್ವಲ್ಪ ದಿನ ಸಹಿಸಿಕೊಂಡು, ಕಸದ ಚೀಲ ಕೊಟ್ಟು, ನಲ್ಲಿ ಬಿಟ್ಟು ಸುಮ್ಮನಿರುವ ದಾರಿಯೂ ಕೌನ್ಸಿಲ್‌ಗಳಿಗೆ ಇದೆ. ಅದು ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ. ಅವತ್ತು ಕೇಳಲೂ ಇಲ್ಲ.

ನೋಟಿಸು ಅಂಟಿಸಿದ ಮೇಲೂ ಕ್ಯಾರವಾನ್‌ಗಳು ಕದಲಲಿಲ್ಲ. ಗುರುವಾರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋದೆವು. ವಿಚಾರಣೆ ಮಾಡಿದವಳು ಎಂದು ನಾನೂ ಹೇಳಿಕೆ ಕೊಡಬೇಕಾಗಿತ್ತು. "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಸಾಕು" ಎಂದಿದ್ದರು ಕೌನ್ಸಿಲ್‌ನ ವಕೀಲರು.

ಅಜ್ಜಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಕಪ್ಪು ಕೋಟು. ನನ್ನನ್ನು ನೋಡಿ ಸ್ವಲ್ಪ ತಲೆಯಾಡಿಸಿದರು, ಮದುವೆಮನೆಯಲ್ಲಿ ನಂಟರು ದೂರದಿಂದ ಗುರುತು ಹಿಡಿದ ಹಾಗೆ. ಅವರ ಪರವಾಗಿ ವಕೀಲರು ಯಾರೂ ಇರಲಿಲ್ಲ. ನಾನು ಇದ್ದೇನಲ್ಲ ಅಂದುಕೊಂಡಿದ್ದರೋ ಏನೋ…

ಮ್ಯಾಜಿಸ್ಟ್ರೇಟ್, ಕನ್ನಡಕ ಹಾಕಿದ್ದ ಸೌಮ್ಯ ಮುಖದ ಹೆಂಗಸು, ನನ್ನನ್ನೇ ನೇರವಾಗಿ ಕೇಳಿದರು. "ಮೈದಾನದಲ್ಲಿ ಇರುವವರಲ್ಲಿ ಯಾರಿಗಾದರೂ ಕಾಯಿಲೆ ಇರುವುದು ಕಂಡುಬಂತೇ?"

ಆಮೇಲಿನ ಆ ಎರಡು ಕ್ಷಣ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. "ಇಲ್ಲ, ಆದರೆ" ಎಂದು ಶುರುಮಾಡಬಹುದಾಗಿತ್ತು. ಅವರು ಕೇಳುತ್ತಿದ್ದರು, ಕೇಳುವಂಥವರೇ ಆಗಿದ್ದರು. ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ, ಪಕ್ಕದಲ್ಲಿ ಮ್ಯಾನೇಜರ್ ಇದ್ದರು, ಪ್ರೊಬೇಷನ್ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು.

"ಇಲ್ಲ" ಎಂದೆ.

ಹೇಳಿದ್ದು ಸುಳ್ಳಲ್ಲ. ಮ್ಯಾಜಿಸ್ಟ್ರೇಟ್ ಹಿಂದಿನ ಸಾಲಿನತ್ತ ನೋಡಿ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅಜ್ಜಿ ಎದ್ದು ನಿಂತರು. ನನ್ನನ್ನೇ ನೋಡುತ್ತಿದ್ದರು. "ಆಕಿ ಹೇಳ್ಯಾಳಲ್ಲ" ಎಂದು ಮತ್ತೆ ಕೂತರು.

ಮರುದಿನ ಮಧ್ಯಾಹ್ನದೊಳಗೆ ಖಾಲಿ ಮಾಡಬೇಕೆಂದು ಆದೇಶವಾಯಿತು. ನಾವು ಹೋಗುವಷ್ಟರಲ್ಲಿ ಮೈದಾನ ಖಾಲಿ. ಒಂದು ಕಾಗದದ ಚೂರೂ ಬಿದ್ದಿರಲಿಲ್ಲ, ಗಾಡಿಗಳು ನಿಂತಿದ್ದ ಕಡೆ ಹುಲ್ಲಿನ ಮೇಲೆ ಏಳು ಹಳದಿ ಚೌಕ ಮಾತ್ರ. ಇಷ್ಟು ಸಲೀಸಾಗಿ ಮುಗಿದದ್ದಕ್ಕೆ ಆಫೀಸಿನಲ್ಲಿ ನನಗೆ ಶಾಭಾಸ್ ಸಿಕ್ಕಿತು. ಸಂಜೆ ಮನೆಯವರ ಹತ್ತಿರ ಹೇಳಿದೆ. ಅವರು ಆಸ್ಪತ್ರೆಯಲ್ಲಿ ಡಾಕ್ಟರು. ತಟ್ಟೆಯಿಂದ ತಲೆ ಎತ್ತಿ, "ವಾರ್ಡ್‌ನಿಂದ ಒಂದು ಪತ್ರ ಸಾಕಾಗ್ತಿತ್ತಲ್ಲ. ನನ್ನನ್ನ ಕೇಳಿದ್ರೆ ಆಗ್ತಿತ್ತು" ಎಂದರು. ಹೌದು. ಕೇಳಿದ್ದರೆ ಆಗುತ್ತಿತ್ತು.

ಆರು ದಿನ ಕಳೆದ ಮೇಲೆ ನನ್ನ ಆಫೀಸ್ ಮೊಬೈಲಿಗೆ ಕರೆ ಬಂತು. ನಂಬರ್ ನಾನೇ ಅವತ್ತು ಬರೆದುಕೊಟ್ಟಿದ್ದೆ.

"ಕೌನ್ಸಿಲ್ ಮೇಡಂ ಏನ್ರಿ?" ಎಂದಿತು ದನಿ. ಗುರುತು ಸಿಕ್ಕಿತು.

ಮೈದಾನ ಬಿಟ್ಟ ಮೇಲೆ ಎರಡು ಕಡೆ ನಿಂತಿದ್ದರಂತೆ, ಎರಡು ಕಡೆಯೂ ಎಬ್ಬಿಸಿದ್ದರಂತೆ. ಕೊನೆಗೆ ನಿಂತದ್ದು ನಲವತ್ತು ಮೈಲಿ ಆಚೆಯ ಒಂದು ರಸ್ತೆಬದಿಯಲ್ಲಿ. ಅಲ್ಲಿಂದಲೂ ಹೊರಡಿ ಎಂದು ಬೆಳಿಗ್ಗೆಯೇ ಬಂದಿದ್ದರು. ಮಗ ವ್ಯಾನಿಗೆ ಕ್ಯಾರವಾನ್ ಕಟ್ಟುತ್ತಿದ್ದಾಗ ವಾರ್ಡಿನಿಂದ ಫೋನ್ ಬಂತು, ಬೇಗ ಬನ್ನಿ ಎಂದು. ಕಟ್ಟಿದ ಗಾಡಿ ಬಿಚ್ಚಿ, ವ್ಯಾನ್ ತಿರುಗಿಸಿ, ಮೋಟರ್‌ವೇ ಹಿಡಿದು ಮುಟ್ಟುವಷ್ಟರಲ್ಲಿ…

"ನರ್ಸ್ ಒಬ್ಬಾಕಿ ಕೈ ಹಿಡಕೊಂಡಿದ್ಲಂತ. ಚಲೋ ಹುಡುಗಿ" ಎಂದರು. "ನಿಮಗ ತಿಳಸಬೇಕಂತ ಮಾಡಿದೆ ಮೇಡಂ. ನಿಮ್ಮ ಕಾಗದದಾಗ ಬರಕೋರಿ. ಈಗ ನಮ್ಮವರಾಗ ಯಾರಿಗೂ ಕಾಯಿಲೆ ಇಲ್ಲ."

ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಕ್ಷಮಿಸಿ ಎನ್ನಬೇಕಾಗಿತ್ತು. ನಾನು ಅಂದದ್ದು, "ತಿಳಿಸಿದ್ದಕ್ಕೆ ಥ್ಯಾಂಕ್ಸ್." ಕೌಂಟರಿನಲ್ಲಿ ದಿನಕ್ಕೆ ನಲವತ್ತು ಸಲ ಅನ್ನುವ ಮಾತು. ಫೋನ್ ಇಟ್ಟುಬಿಟ್ಟರು. ಒಂದು ವಾರ ಧೈರ್ಯ ಕೂಡಿಸಿಕೊಂಡು ನಾನಾಗಿ ಮಾಡಿದಾಗ ಆ ನಂಬರ್ ಚಾಲ್ತಿಯಲ್ಲಿ ಇರಲಿಲ್ಲ.

ಪ್ರೊಬೇಷನ್ ಮುಗಿಯಿತು. ಈಗ ಆ ಕೆಲಸ ನೋಡುವ ತಂಡಕ್ಕೆ ನಾನೇ ಹಿರಿಯಳು. ಮೈದಾನದ ಗೇಟಿಗೆ ಎತ್ತರದ ವಾಹನ ನುಗ್ಗದಂತೆ ಕಬ್ಬಿಣದ ತೊಲೆ ಬಂದಿದೆ, ಅಂಚಿಗೆ ಬಂಡೆಗಲ್ಲು ಸಾಲಾಗಿ ಇಟ್ಟಿದ್ದಾರೆ. ಆ ಕಡೆಗೆ ಕ್ಯಾರವಾನ್‌ಗಳು ಮತ್ತೆ ಬಂದಿಲ್ಲ. ಬೇರೆ ಕಡೆ ಬರುತ್ತವೆ. ನಮ್ಮವರು ಮೊದಲ ದಿನವೇ ನೀರಿನ ಟ್ಯಾಂಕ್ ಕಳಿಸುತ್ತಾರೆ, ಅಷ್ಟನ್ನು ಮಾಡಿಸಿದ್ದೇನೆ. ಫಾರ್ಮಿಗೆ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ. ನಿಮ್ಮವರು ಯಾರಾದರೂ ಹತ್ತಿರದ ಆಸ್ಪತ್ರೆಯಲ್ಲಿದ್ದಾರೆಯೇ, ಎಷ್ಟು ದಿನ ಬೇಕು?

ಮೊನ್ನೆ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಫಾರ್ಮ್ ಹಿಡಿದುಕೊಂಡು ಬಂದಿದ್ದಳು. "ಈ ಪ್ರಶ್ನೆಗೆ ಯಾರೂ ಹೌದು ಅಂದಿದ್ದೇ ಇಲ್ಲ. ಹಳೇ ಫೈಲ್ ಎಲ್ಲಾ ನೋಡ್ದೆ. ತೆಗೆದುಬಿಡೋಣ್ವಾ?"

"ಒಬ್ಬರು ಅಂದಿದ್ರು" ಎಂದೆ. "ಆವಾಗ ಪ್ರಶ್ನೆ ಇರಲಿಲ್ಲ."