ದೀಪ ಹಾಕದ ಒಂದು ಸಂಜೆ

ಹೋದ ತಿಂಗಳು ಒಂದು ಮಂಗಳವಾರ ನನ್ನ ಮಗ ನಾನು ಸತ್ತೇ ಹೋದೆ ಅಂದುಕೊಂಡ.

ನಾನು ಸತ್ತಿರಲಿಲ್ಲ. ಸೋಫಾ ಮೇಲೆ ಕೂತು ಕಡಲೆಪುರಿ ತಿನ್ನುತ್ತಿದ್ದೆ. ಪಕ್ಕದಲ್ಲಿ ಮೊಮ್ಮಗಳಿದ್ದಳು. ಮನೆಯಲ್ಲಿ ದೀಪ ಹಾಕಿರಲಿಲ್ಲ, ಅಷ್ಟೇ. ಅಷ್ಟಕ್ಕೇ ಒಬ್ಬ ಡಾಕ್ಟರು ಹೆದರಿ ಓಡಿ ಬರುವುದೇ? ಬಂದ. ಯಾಕೆ ಬಂದ ಅಂತ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಕಂಪ್ಯೂಟರ್ ವಿಷಯ ಸ್ವಲ್ಪ ಹೇಳಬೇಕಾಗುತ್ತದೆ. (ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಕಂಪ್ಯೂಟರ್ ಬಗ್ಗೆ ಬರೆಯುತ್ತಾಳೆ ಅಂತ ನಗಬೇಡಿ. ನನ್ನ ಕಾಗುಣಿತ ತಿದ್ದುವುದು ಪತ್ರಿಕೆಯವರ ಪಾಡು. ವಿಷಯ ನನ್ನದು.)

ಮಗ ಸುಧಾಕರ ಇಲ್ಲಿ ಸ್ಟಾಕ್‌ಪೋರ್ಟಿನಲ್ಲಿ ಜಿಪಿ. ಜ್ವರ, ಮಂಡಿನೋವು, ಮನೋವ್ಯಥೆ, ಎಲ್ಲಕ್ಕೂ ಇಲ್ಲಿಯವರು ಮೊದಲು ಹೋಗುವುದು ಜಿಪಿ ಹತ್ತಿರ. ಸೊಸೆ ವೀಣಾ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಔಷಧಿ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಾಳೆ. ಒಬ್ಬಳೇ ಮಗಳು ಮೇಘನಾ, ನಾಟಿಂಗ್‌ಹ್ಯಾಮ್‌ನಲ್ಲಿ ಕಾಲೇಜು. ಅವಳು ಓದುತ್ತಿರುವುದು ಡಾಕ್ಟರಿಕೆ ಅಲ್ಲ. ಎಂಜಿನಿಯರಿಂಗೂ ಅಲ್ಲ. ವಿಡಿಯೋ ಗೇಮ್ ಮಾಡುವುದು, ಅದರಲ್ಲೂ ಗೇಮಿನ ಒಳಗೆ ಬೆಳಕು ಇಡುವುದು.

ಹೌದು, ಅದಕ್ಕೂ ಡಿಗ್ರಿ ಇದೆ. ನಮ್ಮ ಮನೆಯಲ್ಲಿ ಆ ದಿನ ಏನು ನಡೆದಿರಬೇಕು ಅಂತ ನೀವೇ ಊಹಿಸಿಕೊಳ್ಳಿ.

ಕೊನೆಗೆ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು. ಮೂರನೇ ವರ್ಷ ಹುಡುಗರು ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿಯಬೇಕು. ಅದಕ್ಕೆ ಪ್ಲೇಸ್‌ಮೆಂಟ್ ಅನ್ನುತ್ತಾರೆ. ಪ್ಲೇಸ್‌ಮೆಂಟ್ ಸಿಕ್ಕಿದರೆ ಗೇಮು. ಸಿಗದಿದ್ದರೆ ಈ ಕೋರ್ಸು ಬಿಟ್ಟು ಆಪ್ಟೋಮೆಟ್ರಿ, ಅಂದರೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ಓದು.

"ಮಾತು ಕೊಟ್ಟಿದೀಯ ಮೇಘು," ಅಂತ ಊಟಕ್ಕೆ ಕೂತಾಗಲೆಲ್ಲ ಸುಧಾಕರ ನೆನಪಿಸುತ್ತಿದ್ದ.

"ಐ ನೋ, ಡ್ಯಾಡ್."

"ಅಲ್ಲೂ ಬೆಳಕೇ ಕಣೇ. ಕಣ್ಣಿಗೆ ಬಿಡೋ ಬೆಳಕು."

"ಡ್ಯಾಡ್, ನಾಟ್ ಫನ್ನಿ."

ನಾನು ಯಾರ ಪರ ಅಂತ ಕೇಳುತ್ತೀರಾ? ಮಗನ ಪರ. ಕನ್ನಡಕ ಹಾಕಿಕೊಳ್ಳುವವರು ಯಾವ ಊರಲ್ಲೂ ಕಡಿಮೆಯಾಗಲ್ಲ.

ಈಗ ಬೆಳಕಿನ ವಿಷಯಕ್ಕೆ ಬರೋಣ. ಗೇಮ್ ಎಂಜಿನ್ ಅಂತ ಒಂದು ಇದೆ. ಹೊಗೆ ಬಿಡುವ ಎಂಜಿನ್ ಅಲ್ಲ, ಕಂಪ್ಯೂಟರಿನ ಒಳಗೆ ಮನೆ ಕಟ್ಟುವ ಸಾಮಾನು. ಅದರಲ್ಲಿ ಮೇಘು ಒಂದು ರೂಮು ಕಟ್ಟಿದ್ದಳು. ಗೋಡೆ, ಕಿಟಕಿ, ಕುರ್ಚಿ, ಟಿವಿ, ಚಳಿಗೆ ಉರಿಸುವ ಗ್ಯಾಸ್ ಫೈರ್, ಎಲ್ಲ ಇತ್ತು. ಚೆನ್ನಾಗಿಯೇ ಇತ್ತು. ಆದರೆ ಆ ಲೋಕದಲ್ಲಿ ಸೂರ್ಯ ಇಲ್ಲ. ನಾವು ದೀಪ ಇಡುವ ತನಕ ಬರೀ ಕಗ್ಗತ್ತಲೆ. ಇಟ್ಟ ಮೇಲೂ ಕಂಪ್ಯೂಟರು ಕೂತು ಲೆಕ್ಕ ಹಾಕಬೇಕು, ಯಾವ ಗೋಡೆಗೆ ಎಷ್ಟು ಬೆಳಕು ಅಂತ. ನಾನು ಒಂದು ಸಾರು ಮಾಡಿ ಇಳಿಸುವಷ್ಟು ಹೊತ್ತು ಅದು ಗೊರ್ ಅನ್ನುತ್ತಿರುತ್ತದೆ.

ಇನ್ನೊಂದು ಮಜಾ ಕೇಳಿ. ನಮ್ಮ ಮನೆಯಲ್ಲಿ ನೆಲಕ್ಕೆ ಬಿದ್ದ ಬೆಳಕು ಅಲ್ಲಿಂದ ಎದ್ದು ಗೋಡೆಗೂ ಹೋಗುತ್ತದೆಯಂತೆ. ಅವಳ ಎಂಜಿನ್‌ನಲ್ಲಿ ಹಾಗಿಲ್ಲ, ಬಿದ್ದದ್ದು ಬಿದ್ದಲ್ಲೇ ಬಿದ್ದಿರುತ್ತದೆ. ಅದಕ್ಕೆ ಬಲ್ಬೇ ಇಲ್ಲದ ಸಣ್ಣ ಸಣ್ಣ ಬೆಳಕುಗಳನ್ನು ಸೋಫಾ ಹಿಂದೆ, ಮೇಜಿನ ಕೆಳಗೆ ಕೈಯಾರೆ ಬಚ್ಚಿಡಬೇಕು. ನಾನು ಅದಕ್ಕೆ ಕಳ್ಳದೀಪ ಅಂತ ಹೆಸರಿಟ್ಟೆ. ಅವಳ ಕ್ಲಾಸಿನ ಇಂಗ್ಲಿಷ್ ಹುಡುಗರೂ ಈಗ ಕಳ್ಳದೀಪ ಅನ್ನುತ್ತಾರಂತೆ. ನಾನು ಇಲ್ಲಿಗೆ ಬಂದು ಈ ದೇಶಕ್ಕೆ ಕೊಟ್ಟದ್ದು ಅದೊಂದೇ.

ಮೇಷ್ಟ್ರು ಕೊಟ್ಟ ಕೆಲಸ ಇಷ್ಟೇ. ಒಂದು ಸಾಧಾರಣ ಮನೆಯ ಮುಂದಿನ ರೂಮು, ಮುಸ್ಸಂಜೆ ಹೊತ್ತು, ಇನ್ನೂ ಯಾರೂ ದೀಪ ಹಾಕಿಲ್ಲ. ಈ ಚಿತ್ರವನ್ನೇ ಕಂಪನಿಯವರು ನೋಡುತ್ತಾರೆ, ಇದನ್ನು ನೋಡಿಯೇ ಕರೆಯುತ್ತಾರೆ, ಇಲ್ಲ ಬಿಡುತ್ತಾರೆ.

ಮೇಘು ಮೊದಲು ಸೂರಿನ ನಡುಮಧ್ಯೆ ಒಂದು ದೊಡ್ಡ ಬಿಳಿ ದೀಪ ಇಟ್ಟು, ಆಮೇಲೆ ಅದನ್ನು ಮಂಕು ಮಾಡಿದಳು. ಮೇಷ್ಟ್ರು ನೋಡಿ, ಹಲ್ಲಿನ ಡಾಕ್ಟರ ವೆಯ್ಟಿಂಗ್ ರೂಮಿನಲ್ಲಿ ಕರೆಂಟು ಕಮ್ಮಿ ಆದ ಹಾಗಿದೆ ಅಂದರಂತೆ. ಎರಡನೇ ಸಲ ದೀಪ ತೆಗೆದು ಎಲ್ಲಾ ಕಡೆ ನೀಲಿ ಬಳಿದಳು. ಇದು ಮುಸ್ಸಂಜೆ ಅಲ್ಲ, ಮೀನಿನ ತೊಟ್ಟಿ ಅಂದರಂತೆ. ಮೂರನೇ ಸಲ ಕಿಟಕಿಯಿಂದ ಕಿತ್ತಳೆ ಬಣ್ಣದ ಬೆಳಕು ಬಿಟ್ಟಳು. ಮೇಷ್ಟ್ರು ನೋಡಿ ಪಕ್ಕದ ಹುಡುಗನ ಕಂಪ್ಯೂಟರಿಗೆ ಹೋದರಂತೆ. ಅದು ಬೈದದ್ದಕ್ಕಿಂತ ಕಷ್ಟವಾಯಿತಂತೆ.

ರೀಡಿಂಗ್ ವೀಕ್ ರಜೆಗೆ ಮನೆಗೆ ಬಂದವಳು ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು.

"ಅಜ್ಜೀ, ನಮ್ಮನೇಲಿ ಡಸ್ಕ್ ಯಾವಾಗ ಆಗತ್ತೆ?"

"ಆಗಲ್ಲ."

"ವಾಟ್ ಡು ಯು ಮೀನ್, ಆಗಲ್ಲ?"

"ನಾನು ಬಿಟ್ಟರೆ ತಾನೇ ಆಗೋದು?"

ಸುಮ್ಮನೆ ಹೇಳಿದ ಮಾತಲ್ಲ. ಹೊರಗೆ ಇನ್ನೂ ಬೆಳಕಿರುವಾಗಲೇ ನಾನು ಮುಂದಿನ ರೂಮು, ಹಜಾರ, ಮೆಟ್ಟಿಲು, ಅಡಿಗೆಮನೆ, ಎಲ್ಲ ಕಡೆ ದೀಪ ಹಾಕಿಬಿಡುತ್ತೇನೆ. ಮುಸ್ಸಂಜೆ ಹೊತ್ತು ಮನೆ ಕತ್ತಲಿರಬಾರದು, ಲಕ್ಷ್ಮಿ ಬರುವ ಹೊತ್ತು. ನಂಜನಗೂಡಿನ ಕಡೆ ಹುಡುಗಿಯಾಗಿದ್ದಾಗ ಲಾಂದ್ರದ ಗಾಜು ಬೂದಿ ಹಾಕಿ ಉಜ್ಜಿ, ಬತ್ತಿ ಕತ್ತರಿಸಿ, ಹೊತ್ತು ಮುಳುಗುವ ಮೊದಲೇ ಹಚ್ಚಿಡುವುದು ನನ್ನ ಪಾಲಿನ ಕೆಲಸವಾಗಿತ್ತು. ತಡವಾದರೆ ಬೆನ್ನಿಗೆ ಬೀಳುತ್ತಿತ್ತು. ಈಗ ಸ್ವಿಚ್ಚು ಒತ್ತುವುದು, ಅಷ್ಟೇ ವ್ಯತ್ಯಾಸ.

ಹಾಗಾಗಿ ಈ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ರೂಮಿನ ಒಳಗೆ ಮುಸ್ಸಂಜೆ ಹೇಗಿರುತ್ತದೆ ಅಂತಲೇ ಗೊತ್ತಿಲ್ಲ! ಒಂದು ಸಲವೂ ನೋಡಿಲ್ಲ. ಕಾಲೇಜಿನಲ್ಲೂ ಅಷ್ಟೇ, ಅಭ್ಯಾಸಬಲ, ನಾಲ್ಕು ಗಂಟೆಗೇ ಲೈಟು ಹಾಕಿಕೊಂಡು ಕೂರುತ್ತಾಳೆ. ಯಾರಿಂದ ಕಲಿತದ್ದು? ನನ್ನಿಂದ.

"ಪ್ಲೀಸ್ ಅಜ್ಜೀ. ಜಸ್ಟ್ ಒನ್ ಈವ್ನಿಂಗ್. ಲೈಟ್ ಹಾಕ್ಬೇಡಿ."

"ಫೋಟೋ ತಗೊಳ್ಳೇ ಎಲ್ಲಾದರೂ ಹೋಗಿ."

"ಕ್ಯಾಮೆರಾ ಸುಳ್ಳು ಹೇಳತ್ತೆ ಅಜ್ಜಿ. ಇಟ್ ಮೇಕ್ಸ್ ಎವ್ರಿಥಿಂಗ್ ಬ್ರೈಟರ್. ಕಣ್ಣಲ್ಲೇ ನೋಡ್ಬೇಕು."

"ದೇವರ ದೀಪ ಹಚ್ತೀನಿ. ಅದು ಬಿಡಲ್ಲ."

"ಓಕೆ. ಬಟ್ ಕಿಚನ್ ಡೋರ್ ಕ್ಲೋಸ್."

ನಮ್ಮ ದೇವರು ಅಡಿಗೆಮನೆಯ ಕಪಾಟಿನಲ್ಲಿ, ಬಾಯ್ಲರ್ ಪಕ್ಕ ಇದ್ದಾನೆ. (ಈ ಚಳಿಯಲ್ಲಿ ಮನೆಯವರೆಲ್ಲರಿಗಿಂತ ಬೆಚ್ಚಗಿರುವವನು ಅವನೇ.) ಅವನಿಗೆ ದೀಪ ಹಚ್ಚಿ, ಬಾಗಿಲು ಹಾಕಿಕೊಂಡು ಬಂದು ಮುಂದಿನ ರೂಮಿನಲ್ಲಿ ಕೂತೆ. ಫೋನಿನ ಹಸಿರು ದೀಪ ಕಣ್ಣು ಚುಚ್ಚುತ್ತದೆ ಅಂತ ಮೇಘು ಅದರ ಪ್ಲಗ್ಗೂ ಕಿತ್ತುಹಾಕಿದಳು. ಟಿವಿ ಬೇಡ ಅಂದಳು. ಮಾತೂ ಬೇಡ ಅಂದಳು.

ಏನು ಕಂಡಿತು? ನನಗೇನೂ ಕಾಣಲಿಲ್ಲ. ಬೇಜಾರಾಯಿತು. ಒಂದೆರಡು ಸಲ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು, ಹುಡುಗಿ ಎಳೆದು ಕೂರಿಸಿದಳು. ಅವಳು ಮಾತ್ರ ಮೂಲೆ ಮೂಲೆ ಹೀಗೆ ನೋಡುತ್ತಿದ್ದಳು, ಜಿರಳೆ ಬಂದಿದೆಯಾ ಅನ್ನುವ ಹಾಗೆ.

ಆಗ ಹೊರಗೆ ಕಾರು ಗಕ್ಕನೆ ನಿಂತಿತು. ಬೀಗದ ಕೈ ಬಾಗಿಲಿಗೆ ತಾಗಿದ ಸದ್ದು, ಒಂದು ಸಲಕ್ಕೆ ಸೇರಲಿಲ್ಲ.

"ಅಮ್ಮಾ! ಅಮ್ಮಾ! ಎಲ್ಲಿದೀಯ?"

ಸುಧಾಕರ ಬೂಟು ಹಾಕಿಕೊಂಡೇ ಕಾರ್ಪೆಟ್ ಮೇಲೆ ಓಡಿ ಬಂದ. ಈ ಮನೆಯಲ್ಲಿ ಅದೂ ಮೊದಲ ಸಲ. ಬಂದವನೇ ದೊಡ್ಡ ದೀಪ ಹಾಕಿದ. ನಾವು ಮೂರೂ ಜನ ಕಣ್ಣು ಪಿಳಿಪಿಳಿ ಬಿಟ್ಟೆವು.

"ಡ್ಯಾಡ್! ಯೂ ಹ್ಯಾವ್ ರೂಯಿನ್ಡ್ ಇಟ್!"

"ಏನಾಯ್ತೋ?" ಅಂದೆ ನಾನು.

"ನನ್ನ ಕೇಳ್ತೀಯಾ? ಯಾಕೆ ಲೈಟ್ ಹಾಕಿಲ್ಲ? ಫೋನ್ ಯಾಕೆ ಎತ್ತಲಿಲ್ಲ?"

"ಇವಳ ಪಾಠಕ್ಕೆ."

"ಪಾಠಕ್ಕೆ?" ಬ್ಯಾಗು ನೆಲಕ್ಕೆ ಹಾಕಿ ಕುರ್ಚಿಯಲ್ಲಿ ಕುಸಿದ. ಮುಖದಲ್ಲಿ ಬೆವರು. "ತಮಾಷೆನಾ ಇದು? ಚಳಿಗಾಲದಲ್ಲಿ ದಿನಾ ಈ ಹೊತ್ತಿಗೆ ಹೋಂ ವಿಸಿಟ್ ಮುಗಿಸಿಕೊಂಡು ಈ ರಸ್ತೇಲೇ ಹೋಗ್ತೀನಮ್ಮ. ಕಿಟಕೀಲಿ ಲೈಟ್ ಇದ್ರೆ ಸೀದಾ ಸರ್ಜರಿಗೆ ಹೋಗ್ತೀನಿ."

ಸರ್ಜರಿ ಅಂದರೆ ಇಲ್ಲಿ ಕ್ಲಿನಿಕ್ಕು. ಅಲ್ಲಿಗೆ ಇನ್ನೊಂದು ರಸ್ತೆ ಇದೆ, ಹತ್ತಿರದ್ದು. ನನಗೇ ಗೊತ್ತು.

"ಲೈಟ್ ಇಲ್ಲದಿದ್ರೆ?" ಅಂತ ಕೇಳಿದೆ.

"ಇವತ್ತಿನ ತನಕ ಇಲ್ಲದೇ ಇರಲಿಲ್ಲ."

ಆಮೇಲೆ ತಾನಾಗಿಯೇ ಹೇಳಿದ. ಹೋದ ವಾರ ಒಬ್ಬ ಮುದುಕನ ಮನೆಗೆ ಹೋಗಿದ್ದನಂತೆ. ಹೀಗೇ ಸಂಜೆ ಹೊತ್ತು. ಕಿಟಕಿ ಕತ್ತಲೆ, ಹಾಲಿನ ಬಾಟಲಿ ಬಾಗಿಲಲ್ಲೇ. ಪಕ್ಕದ ಮನೆಯವರ ಹತ್ತಿರ ಕೀ ಈಸಿಕೊಂಡು ಒಳಗೆ ಹೋದರೆ ಮುದುಕ ಕುರ್ಚಿ ಪಕ್ಕದಲ್ಲಿ ಬಿದ್ದಿದ್ದ. ಟಿವಿ ಓಡುತ್ತಲೇ ಇತ್ತು. ಬದುಕಿದ, ಆದರೆ ಬೆಳಗಿನಿಂದ ಹಾಗೇ ಬಿದ್ದಿದ್ದನಂತೆ.

ಆಗ ನಮ್ಮ ಹುಡುಗಿ ಬಾಯಿಬಿಟ್ಟಳು.

"ಡ್ಯಾಡ್, ಹೌ ಡಾರ್ಕ್ ವಾಸ್ ಇಟ್?"

ನಾನಾಗಿದ್ದರೆ ಎರಡು ಬಿಗಿಯುತ್ತಿದ್ದೆ. ಒಬ್ಬ ಬಿದ್ದಿದ್ದಾನೆ ಅಂದರೆ ಕತ್ತಲೆ ಎಷ್ಟಿತ್ತು ಅಂತ ಕೇಳುತ್ತಾಳಲ್ಲ! ಸುಧಾಕರ ಅವಳ ಮುಖವನ್ನೇ ನೋಡಿದ. ಬೈಯುತ್ತಾನೆ ಅಂತ ಕಾದೆ.

"ಲೈಟ್ ಆರಿಸಮ್ಮ," ಅಂದ ನನಗೆ.

ಆರಿಸಿದೆ. ಮೊದಲು ಏನೂ ಕಾಣಲಿಲ್ಲ. ನಿಧಾನಕ್ಕೆ ಕಿಟಕಿ ಬಂತು.

"ನೋಡು," ಅಂದ. "ಕಿಟಕಿ ಬೆಳಕು ರೂಮಿನ ಒಳಗೆ ಬರಲ್ಲ. ಅಲ್ಲೇ ಕಿಟಕಿ ಹತ್ರ ನಿಂತಿರತ್ತೆ. ಮೊದಲು ಮೂಲೆಗಳು ಹೋಗ್ತವೆ. ಆಮೇಲೆ ಬಣ್ಣ ಹೋಗತ್ತೆ, ಕೆಂಪು ಎಲ್ಲಕ್ಕಿಂತ ಮೊದಲು. ಅಜ್ಜಿ ಶಾಲು ನೋಡು, ಕೆಂಪು ಅಂತ ಗೊತ್ತಾಗತ್ತಾ?"

"ಇಟ್ಸ್ ಬ್ಲ್ಯಾಕ್," ಅಂದಳು ಮೇಘು, ಪಿಸುಮಾತಲ್ಲಿ.

"ಬಿಳಿ ಕೊನೇ ತನಕ ಇರತ್ತೆ. ಆ ಮನೇಲಿ ನನಗೆ ಮೊದಲು ಕಂಡಿದ್ದು ನೆಲದ ಮೇಲಿದ್ದ ಪೇಪರ್ರು. ಆಮೇಲೆ ಟೀ ಲೋಟ. ಮನುಷ್ಯ ಆಮೇಲೆ."

"ಆಂಡ್ ದ ಟಿವಿ?"

"ಟಿವಿ ಬೆಳಕು ಗೋಡೆ ಮೇಲೆ ಕುಣಿಯಲ್ಲ, ನೀನು ಅಂದ್ಕೊಂಡಿರೋ ಹಾಗೆ. ಕುರ್ಚಿ ಮೇಲೆ ಬೀಳತ್ತೆ, ಯಾರು ಕೂತ್ಕೋತಾರೋ ಅವರ ಮೇಲೆ. ಗ್ಯಾಸ್ ಫೈರ್ ಇದ್ರೆ ಮೊಣಕಾಲಿನ ತನಕ. ಅದರ ಮೇಲೆ ಇಲ್ಲ."

ಇವಳು ಒಂದೊಂದೇ ಕೇಳುತ್ತಾ ಹೋದಳು. ಅವನು ಹೇಳುತ್ತಾ ಹೋದ. ಯಾವುದೋ ಅಜ್ಜಿ ಕರೆಂಟು ಮೀಟರಿಗೆ ಹೆದರಿ ಲೈಟೇ ಹಾಕುವುದಿಲ್ಲವಂತೆ. ಇನ್ನೊಬ್ಬರ ಮನೆಯಲ್ಲಿ ಬಲ್ಬು ಹೋಗಿ ವರ್ಷವಾಗಿದೆ, ಕುರ್ಚಿ ಹತ್ತಿ ಹಾಕುವವರಿಲ್ಲವಂತೆ. ಅವನೇ ಹಾಕಿ ಬಂದನಂತೆ, ರಕ್ತದ ಒತ್ತಡ ನೋಡುವುದಕ್ಕೆ ಮೊದಲು. ಇಷ್ಟು ವರ್ಷದಲ್ಲಿ ಕೆಲಸ ಹೇಗಿತ್ತೋ ಅಂತ ಕೇಳಿದರೆ "ಇತ್ತು" ಅನ್ನುವವನು ಇವನೇನಾ? ಅಥವಾ ನಾವು ಕೇಳಿದ್ದೇ ಸರಿಯಿರಲಿಲ್ಲವಾ? ಕೆಲಸ ಹೇಗಿತ್ತು ಅಂದರೆ ಯಾರು ತಾನೇ ಏನು ಹೇಳುತ್ತಾರೆ. ಅಲ್ಲಿ ಏನು ಕಂಡಿತು ಅಂತ ಕೇಳಬೇಕು.

ಸಂಜೆಯ ಸರ್ಜರಿಗೆ ಆವತ್ತು ಅವನು ತಡವಾಗಿ ಹೋದ. ಹೋಗುವಾಗ ಬೂಟಿನ ಕೆಸರನ್ನು ತಾನೇ ಒರೆಸಿ ಹೋದ.

ಆ ವಾರವೆಲ್ಲಾ ಮೇಘು ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಸೂರಿನ ದೀಪ ಕಿತ್ತಳು. ನೀಲಿ ಕಿತ್ತಳು. ಕಿಟಕಿಯ ಬೆಳಕನ್ನು ಕಿಟಕಿ ಹತ್ತಿರವೇ ನಿಲ್ಲಿಸಿದಳು. ಕಳ್ಳದೀಪಗಳಲ್ಲಿ ಮುಕ್ಕಾಲು ಪಾಲು ತೆಗೆದೇಬಿಟ್ಟಳು. ಕೊನೆಗೆ ನನ್ನನ್ನು ಕರೆದು ತೋರಿಸಿದಳು. ಒಂದು ಕುರ್ಚಿ, ಅದರ ಮೇಲೆ ಟಿವಿಯ ಬೆಳಕು. ನೆಲದಲ್ಲಿ ಒಂದು ಪೇಪರು. ಉಳಿದದ್ದೆಲ್ಲ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ನೋಡಿದರೆ ಎದ್ದು ಹೋಗಿ ಸ್ವಿಚ್ಚು ಒತ್ತಬೇಕು ಅನ್ನಿಸಿತು.

"ಕುರ್ಚಿ ಖಾಲಿ ಯಾಕೆ? ಯಾರನ್ನಾದರೂ ಕೂರಿಸಬಾರದಾ?"

"ಜನ ಮಾಡೋದು ಬೇರೆ ಡಿಪಾರ್ಟ್‌ಮೆಂಟ್, ಅಜ್ಜಿ."

ಚಿತ್ರ ಹೋಯಿತು. ಮೇಷ್ಟ್ರು ಬಹಳ ಹೊತ್ತು ನೋಡಿ, ಇದು ಯಾರ ಮನೆ ಅಂತ ಕೇಳಿದರಂತೆ. ಲೀಡ್ಸ್‌ನ ಒಂದು ಕಂಪನಿಯವರು ಕರೆದರು, ಮಾತಾಡಿಸಿದರು, ಹೋದ ಶುಕ್ರವಾರ ಕೆಲಸ ಕೊಟ್ಟರು. ಬರುವ ಬೇಸಿಗೆಯಿಂದ ಒಂದು ವರ್ಷ, ಯಾರೂ ವಾಸ ಮಾಡದ ಮನೆಗಳಿಗೆ ಬೆಳಕು ಇಡುವುದೇ ಇವಳ ಕೆಲಸ.

ಊಟದ ಹೊತ್ತಿನಲ್ಲಿ ಹೇಳಿದಳು. ವೀಣಾ ಎದ್ದು ಮಗಳನ್ನು ಅಪ್ಪಿಕೊಂಡಳು. ನಾನು ಅಪ್ಪನ ಕಡೆ ನೋಡಿದೆ. ಅವನು ಅನ್ನಕ್ಕೆ ಮೊಸರು ಹಾಕಿ ಕಲಸಿದ. ಕಲಸುತ್ತಲೇ ಇದ್ದ.

"ಲೀಡ್ಸ್‌ನಲ್ಲಿ ರೂಮ್ ನೋಡ್ಬೇಕಲ್ಲ," ಅಂದ. "ಶನಿವಾರ ಹೋಗೋಣ. ನನಗೆ ಡ್ಯೂಟಿ ಇಲ್ಲ."

ಆಪ್ಟೋಮೆಟ್ರಿ ವಿಷಯ ಅಲ್ಲಿಗೆ ಮುಗಿಯಿತು. ನನ್ನ ಅಭಿಪ್ರಾಯ ಬದಲಾಗಿಲ್ಲ, ಕನ್ನಡಕದ ಕೆಲಸವೇ ಭದ್ರ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ನಾನು ಆ ಮಂಗಳವಾರದ ಮಾರನೆಯ ದಿನದಿಂದಲೇ ಮೊದಲಿನ ಹಾಗೆ ಹೊತ್ತಿಗೆ ಮುಂಚೆ ದೀಪ ಹಾಕುತ್ತಿದ್ದೇನೆ. ಲಕ್ಷ್ಮಿ ಬರುತ್ತಾಳೋ ಇಲ್ಲವೋ, ಅವಳಿಷ್ಟ. ಆ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಒಂದು ಕಾರು ಸ್ವಲ್ಪ ನಿಧಾನವಾಗುತ್ತದೆ, ಆಮೇಲೆ ಹೋಗುತ್ತದೆ. ಮೊದಲೂ ಆಗುತ್ತಿತ್ತೋ ಏನೋ, ನಾನು ನೋಡಿರಲಿಲ್ಲ.

ನಿಮ್ಮ ಮನೆಯಲ್ಲಿ ಸಂಜೆ ದೀಪ ಹಾಕುವವರು ಯಾರು, ಮತ್ತು ಅವರು ಒಂದು ದಿನ ಹಾಕದಿದ್ದರೆ ಬೂಟು ಬಿಚ್ಚದೆ ಓಡಿ ಬರುವವರು ಯಾರು?