ಕುಲುಮೆಗೆ ಟ್ಯೂಬ್‌ಲೈಟ್

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಚಿಂತಾಮಣಿಗೆ ಮರಳಿದಾಗ, ನಮ್ಮ ಮನೆಯಲ್ಲಿ ಉಕ್ಕಿನ ಬಗ್ಗೆ ತಿಳಿದವನು ನಾನೊಬ್ಬನೇ ಎಂದು ಗಟ್ಟಿಯಾಗಿ ನಂಬಿದ್ದೆ. ಅಪ್ಪನಿಗೇನು ಗೊತ್ತಿತ್ತು? ಮೂವತ್ತು ವರ್ಷ ಕುಲುಮೆಯ ಮುಂದೆ ಕೂತು ಕಲ್ಲುಕುಟಿಗರ ಚಾಣಗಳಿಗೆ, ಅಂದರೆ ಕಲ್ಲೊಡೆಯುವ ಉಳಿಗಳಿಗೆ, ಹದ ಹಾಕಿದ್ದ, ಅಷ್ಟೇ. ನಾನಾದರೋ ಅದೇ ವಿಷಯದ ಮೇಲೆ ಪರೀಕ್ಷೆಯಲ್ಲಿ ಗ್ರಾಫ್ ಸಮೇತ ಉತ್ತರ ಬರೆದು ಬಂದವನು.

ಕ್ವಾರಿಯಲ್ಲಿ ಸವೆದ ಡ್ರಿಲ್ ರಾಡನ್ನು ಕಾಯಿಸಿ ಬಡಿದು ಅಪ್ಪ ಚಾಣ ಮಾಡುತ್ತಿದ್ದ. ಕೆಂಪಗೆ ಕಾದ ಚಾಣದ ತುದಿಯನ್ನು ಮಾತ್ರ ನೀರಿಗೆ ಅದ್ದಿ ತೆಗೆದು, ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ನೋಡುತ್ತಾ ಕೂರುತ್ತಿದ್ದ. ಹಿಂದೆ ಉಳಿದ ಕಾವು ಮೆಲ್ಲಗೆ ತುದಿಗೆ ಹರಿದಂತೆ ಬಣ್ಣ ಬದಲಾಗುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ. ನೇರಳೆ ಕಂಡ ಕೂಡಲೇ ಮತ್ತೆ ನೀರಿಗೆ. ಬೇಗ ಅದ್ದಿದರೆ ಚಾಣ ಗಾಜಿನ ಹಾಗೆ ಸಿಡಿಯುತ್ತದೆ, ತಡವಾದರೆ ಎರಡೇಟಿಗೆ ಮೊಂಡಾಗುತ್ತದೆ. ಕೈವಾರದ ಕಡೆಯ ಕಲ್ಲುಕುಟಿಗರು ಅಪ್ಪನ ಕಣ್ಣನ್ನು ನಂಬಿ ಬರುತ್ತಿದ್ದರು. ಆ ನಂಬಿಕೆ ಹೋದರೆ ಕುಲುಮೆ ಮುಚ್ಚಬೇಕಾಗಿತ್ತು.

ಇಷ್ಟು ಸೂಕ್ಷ್ಮವಾದ ಕೆಲಸ ನಡೆಯುತ್ತಿದ್ದದ್ದು ಕತ್ತಲೆ ಕೊಟ್ಟಿಗೆಯಲ್ಲಿ. ಕಿಟಕಿಗೆ ಗೋಣಿಚೀಲ, ಬಾಗಿಲಿಗೆ ತಡಿಕೆ. ನನ್ನ ವಿಜ್ಞಾನಕ್ಕೆ ಇದನ್ನು ಸಹಿಸಲಾಗಲಿಲ್ಲ. ಅಪ್ಪ ಮಂಚೇನಹಳ್ಳಿಯ ನೆಂಟರ ಮನೆಗೆ ಹೋಗಿದ್ದ ಎರಡು ದಿನದಲ್ಲಿ ಗೋಣಿ ಕಿತ್ತೆಸೆದು, ಗೋಡೆಗೆ ಸುಣ್ಣ ಹೊಡೆಸಿ, ಕುಲುಮೆಯ ನೆತ್ತಿಗೊಂದು ಟ್ಯೂಬ್‌ಲೈಟ್ ಹಾಕಿಸಿದೆ.

"ಬೆಳಕು ಜಾಸ್ತಿ ಆಯ್ತಲ್ಲಪ್ಪ," ಎಂದ ಊರಿಂದ ಮರಳಿದ ಅಪ್ಪ.

"ಕತ್ತಲಲ್ಲಿ ಮಾಡೋಕೆ ಇದೇನು ಕಳ್ಳತನಾನಾ? ಚೆನ್ನಾಗಿ ಕಾಣ್ಲಿ ಅಂತಾನೇ ಹಾಕ್ಸಿದ್ದು," ಎಂದೆ.

ಓದಿದ ಮಗ ಹೇಳಿದ ಮೇಲೆ ಮುಗಿಯಿತು. ಅಪ್ಪ ತಿದಿ ಒತ್ತಿದ.

ಅಂಥ ಬೆಳಕಿನಲ್ಲಿ ಕಾದ ಉಕ್ಕಿನ ಕೆಂಪು ಮಂಕಾಗಿ ಕಾಣುತ್ತದೆ ಎಂಬುದು ನನ್ನ ಗ್ರಾಫಿನಲ್ಲಿರಲಿಲ್ಲ. ಇನ್ನೂ ಕಾದಿಲ್ಲವೆಂದು ಅಪ್ಪ ಮತ್ತಷ್ಟು ಕಾಯಿಸಿದ. ಅತಿಯಾಗಿ ಕಾದ ಉಕ್ಕು ಒಳಗೇ ಹರಳುಗಟ್ಟಿ ಪೆಡಸಾಗುತ್ತದೆ. ಇದು ಮಾತ್ರ ನನ್ನ ಪುಸ್ತಕದಲ್ಲಿತ್ತು. ಅದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಕೂಡ ಎಳೆದಿದ್ದೆ.

ವಾರದೊಳಗೆ ಕಲ್ಲುಕುಟಿಗರಲ್ಲಿ ಹಿರಿಯನಾದ ಮುದುಕ ತುದಿ ಹಾರಿದ ಚಾಣ ಹಿಡಿದು ಬಂದ. ಚೂರು ಅವನ ಹುಬ್ಬನ್ನು ಸೀಳಿತ್ತು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಅವನ ಹಿಂದೆ ಇನ್ನೂ ನಾಲ್ವರು, ಎಲ್ಲರ ಕೈಯಲ್ಲೂ ಮುರಿದ ಚಾಣಗಳು. ಅಪ್ಪ ಒಂದೊಂದನ್ನೇ ತಿರುಗಿಸಿ ನೋಡಿ, ತಲೆಯ ಮೇಲಿನ ಲೈಟನ್ನೊಮ್ಮೆ ನೋಡಿದ. ನನ್ನ ಕಡೆ ಮಾತ್ರ ನೋಡಲಿಲ್ಲ.

"ತಪ್ಪಾಯ್ತು. ನನ್ ಕಣ್ಣು ಮಂದ ಆಗೈತೆ," ಎಂದ.

ನಾನು ಗಂಟಲು ಸರಿಮಾಡಿಕೊಂಡೆ. ಡಿಪ್ಲೊಮಾ ಮಾಡಿದವರು ಇಂಥ ಹೊತ್ತಿನಲ್ಲಿ ಅಷ್ಟನ್ನಾದರೂ ಮಾಡುತ್ತೇವೆ.

ಮರುವಾರ ಅವರಲ್ಲಿ ಯಾರೂ ಬರಲಿಲ್ಲ. ಅದರ ಮರುವಾರವೂ ಇಲ್ಲ. ಅಪ್ಪ ಲೈಟ್ ಆರಿಸಿ, ಕಿಟಕಿಗೆ ಗೋಣಿ ಕಟ್ಟಿ, ತಣ್ಣಗಿದ್ದ ಕುಲುಮೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಕೊನೆಗೆ ಬಸ್ಸು ಹತ್ತಿ ಕೈವಾರಕ್ಕೆ ಹೋಗಿ, ಬಂಡೆಯ ಮೇಲೆ ಕೆಲಸ ಮಾಡುತ್ತಿದ್ದ ಆ ಮುದುಕನ ಮುಂದೆ ನಿಂತೆ.

"ತಾತಾ, ಅಪ್ಪನ ಕಣ್ಣು ಚೆನ್ನಾಗೇ ಐತೆ. ಲೈಟ್ ಹಾಕ್ಸಿ ಕೆಡ್ಸಿದ್ದು ನಾನು."

ಅವನು ಸುತ್ತಿಗೆ ಕೆಳಗಿಟ್ಟ. ಹುಬ್ಬಿನ ಗಾಯ ಇನ್ನೂ ಮಾಗಿರಲಿಲ್ಲ.

"ಒಳಗೆ ಕಾಲಿಟ್ಟು ಆ ಲೈಟ್ ನೋಡ್ದಾಗ್ಲೇ ಗೊತ್ತಾಯ್ತು ನಾಯನಾ. ನಿಮ್ಮಪ್ಪ ಕಣ್ಣು ಮಂದ ಅಂದಾಗ ನೀನು ಪಕ್ಕದಲ್ಲೇ ಇದ್ಯಲ್ಲ. ಈಗ ಬಾಯಿ ಬಿಡ್ತೀಯ, ಆಗ ಬಾಯಿ ಬಿಡ್ತೀಯ ಅಂತ ಅಷ್ಟೊತ್ತು ನಿಂತಿದ್ವಿ. ಆಮೇಲೆ ಆ ಮನುಷ್ಯನ ಮುಖ ನೋಡೋಕಾಗ್ದೆ ನಾವ್ಯಾರೂ ಬರ್ಲಿಲ್ಲ."

ಮೊಂಡಾದ ಚಾಣಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ನನ್ನ ಹೆಗಲಿಗೆ ಹೊರಿಸಿದ. ಬಸ್ ಸ್ಟಾಪಿನವರೆಗೂ ನನಗೆ ತಲೆ ಎತ್ತಲಾಗಲಿಲ್ಲ.