ನುಂಗದೆ ಉಗುಳಿದ ಗುಳಿಗೆಗಳು

ಮೊದಲು ಬಂದದ್ದು ಉರಿ. ಉಂಡು ಅರ್ಧ ತಾಸಿಗೆ ಎದೆಗೂಡಿನ ಕೆಳಗೆ ಕೆಂಡ ಇಟ್ಟಂತೆ. ನಾನು ಮದುವೆ ಮನೆಗಳಲ್ಲಿ ಅಡಿಗೆ ಮಾಡುವವನು. ಒಲೆಯ ಮುಂದೆ ಬೆಂದ ಹೊಟ್ಟೆ, ಇದ್ದದ್ದೇ ಎಂದುಕೊಂಡೆ. ಒಂದು ಬೆಳಿಗ್ಗೆ ವಾಂತಿಯಲ್ಲಿ ರಕ್ತ ಕಂಡಿತು. ಹೆಂಡತಿ ಸುಮಿತ್ರಾ ಧಾರವಾಡದಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದಳು.

ಎಂಡೋಸ್ಕೋಪಿ ಮಾಡಿ ಬಯಾಪ್ಸಿಗೆ ಚೂರು ತೆಗೆದರು. ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಹೊಟ್ಟೆಯ ಒಳಪದರದಲ್ಲಿ ಸೇರಿಕೊಂಡಿತ್ತು. ಅಷ್ಟೇ ಅಲ್ಲ.

"ಕಾಕಾ, ರೋಗದ ಜೋಡಿ ಬಡದಾಡೋ ಲಿಂಫೋಸೈಟ್ ಕಣಗಳು ಹೊಟ್ಟಿಯೊಳಗ ಗುಂಪು ಕಟ್ಯಾವ," ಎಂದರು ಡಾಕ್ಟರಮ್ಮ. "ಈ ಬ್ಯಾಕ್ಟೀರಿಯಾ ಇದ್ದಲ್ಲೆ ಅವು ಬರೋದು ಸಹಜ. ಆದ್ರ ಒಮ್ಮೊಮ್ಮೆ ಅವೇ ಲಿಂಫೋಮಾ, ಅಂದ್ರ ಕ್ಯಾನ್ಸರ್ ಆಗ್ತಾವ. ನಿಮ್ಮವು ಎಂಥವು ಅಂತ ಈಗ ಹೇಳ್ಲಿಕ್ಕೆ ಬರಂಗಿಲ್ಲ. ಮೊದಲು ಬ್ಯಾಕ್ಟೀರಿಯಾ ಹೋಗಲಿ. ಅದು ಹೋದಮ್ಯಾಲೂ ಅವು ಹಂಗೇ ಕೂತ್ರ, ಆಗ ಸಂಶಯ."

ಎರಡು ವಾರ ಆ್ಯಂಟಿಬಯಾಟಿಕ್, ಜೊತೆಗೆ ಹೊಟ್ಟೆಯ ಆಸಿಡ್ ತಗ್ಗಿಸುವ ಗುಳಿಗೆ. ಮರು ಎಂಡೋಸ್ಕೋಪಿಗೆ ಮೊದಲು ಆಸಿಡ್ ಗುಳಿಗೆಯನ್ನೂ ನಿಲ್ಲಿಸಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಅಡಗಿ ಕೂತು ಟೆಸ್ಟಿಗೆ ಸಿಗುವುದಿಲ್ಲ ಎಂದು ಎಚ್ಚರಿಸಿದ್ದರು.

ಇಲ್ಲಿಂದ ಮುಂದಿನದು ನನ್ನ ಪಾಪ.

ಆ್ಯಂಟಿಬಯಾಟಿಕ್ ಶುರುವಾದೊಡನೆ ಬಾಯೆಲ್ಲ ತಾಮ್ರದ ರುಚಿ. ರಾಯಾಪುರದ ಒಂದು ಮದುವೆಯಲ್ಲಿ ಸಾರಿಗೆ ಉಪ್ಪು ಹಾಕಿದೆ. ರುಚಿ ನೋಡಿದೆ. ತಿಳಿಯಲಿಲ್ಲ. ಮತ್ತೆ ಹಾಕಿದೆ. ಪಂಕ್ತಿಯಲ್ಲಿ ಒಬ್ಬರು ಕೂಗಿದರು: "ಏನ್ರೀ ಆಚಾರ್ರ, ಸಮುದ್ರಾನ ಬಡಸ್ಲಿಕತ್ತೀರೇನು?" ಎಲ್ಲರೂ ನಕ್ಕರು. ಜೀವ ಹೋದರೂ ಹೋಗಲಿ, ನಾಲಿಗೆ ಹೋಗಬಾರದು ಎನ್ನಿಸಿತು. ಮರುದಿನದಿಂದ ಸುಮಿತ್ರಾ ಕೊಟ್ಟ ಆ್ಯಂಟಿಬಯಾಟಿಕ್ ಗುಳಿಗೆಗಳನ್ನು ದವಡೆಗೆ ಒತ್ತಿಟ್ಟುಕೊಂಡು ಬಚ್ಚಲಲ್ಲಿ ಉಗುಳಿದೆ. ಉರಿ ತಡೆಯುವ ಆಸಿಡ್ ಗುಳಿಗೆಯನ್ನು ಮಾತ್ರ, ನಿಲ್ಲಿಸಬೇಕಾದ ಮೇಲೂ ಕದ್ದು ನುಂಗಿದೆ.

ಅಡಗಿ ಕೂತ ಬ್ಯಾಕ್ಟೀರಿಯಾ ಮರು ಬಯಾಪ್ಸಿಯಲ್ಲಿ ಕಾಣಲಿಲ್ಲ. ಕಣಗಳ ಗುಂಪು ಇನ್ನೂ ದೊಡ್ಡದಾಗಿತ್ತು.

"ಗುಳಿಗಿ ಬರೋಬ್ಬರಿ ತಗೊಂಡಾರೇನ್ರಿ?" ಡಾಕ್ಟರಮ್ಮ ಕೇಳಿದರು.

"ನನ್ನ ಕೈಯಾರೆ ಕೊಟ್ಟೇನ್ರಿ. ಒಂದೂ ತಪ್ಪಿಲ್ಲ," ಎಂದಳು ಸುಮಿತ್ರಾ.

ನಾನು ರಿಪೋರ್ಟಿನ ಹಾಳೆ ಮಡಚಿದೆ.

ಕ್ಯಾನ್ಸರ್ ಡಾಕ್ಟರಿಗೆ ಚೀಟಿ ಬರೆದರು. ರೇಡಿಯೇಶನ್ ಬೇಕಾಗಬಹುದು ಎಂದರು. ಮನೆಗೆ ಬಂದ ಸುಮಿತ್ರಾ ಉಣ್ಣುವುದನ್ನೇ ಬಿಟ್ಟಳು. "ನನ್ನ ಕೈಗುಣಾನ ಛಲೋ ಇಲ್ಲ," ಎಂದು ಅಂಗೈ ನೋಡಿಕೊಳ್ಳುವಳು. ಕಣ್ಣು ಮುಚ್ಚಿದರೂ ನನಗೆ ಆ ಅಂಗೈ ಕಾಣುತ್ತಿತ್ತು. ನನ್ನ ಹೊಟ್ಟೆಯೊಳಗೆ ಕಾಯಲು ಬಂದವರು ಯಾರು, ಕೊಲ್ಲಲು ನಿಂತವರು ಯಾರು ಎಂದು ಡಾಕ್ಟರು ಹುಡುಕುತ್ತಿದ್ದರು. ಆ ಗುರುತು ಹತ್ತದಂತೆ ಮಾಡಿದವನು ಆಕೆಯ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದ.

ಕ್ಯಾನ್ಸರ್ ಡಾಕ್ಟರ ಬಳಿ ಹೊರಟ ಮುಂಜಾನೆ, ಆಕೆ ಚಪ್ಪಲಿ ಮೆಟ್ಟುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ.

ಆಕೆ ಹೊಸ್ತಿಲ ಮೇಲೆ ಕೂತಳು. "ಆಣಿ ಮಾಡಿದಂಗ ಹೇಳಿದ್ನೆಲ್ರಿ ನಾ, ಅವರ ಮುಂದ." ಅಷ್ಟೇ ಅಂದಳು. ಆಮೇಲೆ ಎದ್ದು, ನನ್ನನ್ನು ಸೀದಾ ಡಾಕ್ಟರಮ್ಮನ ಮುಂದೆ ನಿಲ್ಲಿಸಿದಳು.

"ರೇಡಿಯೇಶನ್ ಕೊಟ್ಟೇ ಬಿಡ್ತಿದ್ವೆಲ್ರಿ ಕಾಕಾ!" ಎಂದು ಅವರು ಬೈದರು. ಬೇರೆ ಆ್ಯಂಟಿಬಯಾಟಿಕ್ ಬರೆದರು. ಮದುವೆ ಅಡಿಗೆಗಳನ್ನೆಲ್ಲ ಬಿಟ್ಟುಕೊಟ್ಟೆ. ಬಾಯಿ ಕೆಟ್ಟಿತು, ವಾಕರಿಕೆ ಬಂತು. ಎಲ್ಲವನ್ನೂ ನುಂಗಿದೆ. ಹೇಳಿದ ದಿನಕ್ಕೆ ಆಸಿಡ್ ಗುಳಿಗೆಯನ್ನೂ ನಿಲ್ಲಿಸಿದೆ. ಕೆಲವು ತಿಂಗಳ ನಂತರದ ಬಯಾಪ್ಸಿಯಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ. ಗುಂಪೂ ಕರಗಿತ್ತು.

"ಈಗ ಕ್ಯಾನ್ಸರ್ ಕಾಣಂಗಿಲ್ಲ," ಎಂದರು ಡಾಕ್ಟರಮ್ಮ. "ಆದ್ರ ನಡುವ ಅವು ಆ ದಾರಿ ಹಿಡದಿದ್ವೋ ಇಲ್ಲೋ, ಖಾತ್ರಿಲೆ ಹೇಳ್ಲಿಕ್ಕೆ ಆಗಂಗಿಲ್ಲ. ತಪಾಸಣಿ ತಪ್ಪಿಸಬ್ಯಾಡ್ರಿ."

ತಿರುಗಿ ಬರುವ ಬಸ್ಸು ಅಮರಗೋಳ ದಾಟಿತು. ಸುಮಿತ್ರಾ ನನ್ನ ಕಡೆ ತಿರುಗಿದಳು.

"ಮತ್ತೇನರೆ ಉಳದದೇನ್ರಿ, ಹೇಳೋದು?"

"ಇಲ್ಲ."

ಆಕೆ ಕಿಟಕಿಯಾಚೆ ನೋಡುತ್ತ ಕೂತಳು. ನಂಬಿದಳೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಗಾಳಿ ಬರುವ ಕಡೆ ನನ್ನನ್ನು ಕೂಡ್ರಿಸಿದಳು.